ವಾಲ್ವು ತಿರುಗಿಸಲು ವಾಪಸ್ ಹೋದವನು

ನಲ್ಲಿ ರಿಪೇರಿಯವರೆಲ್ಲ ಸುಳ್ಳುಬುರುಕರು ಅನ್ನುವವರನ್ನು ಒಂದು ದಿನ ಸಿಂಕಿನ ಕೆಳಗೆ ಮಲಗಿಸಬೇಕು. ಅರ್ಧ ಮೈ ಕಪಾಟಿನೊಳಗೆ, ಅರ್ಧ ಮೈ ಹೊರಗೆ, ಮುಖದ ಮೇಲೆ ಯಾರದೋ ಪಾತ್ರೆ ತೊಳೆದ ನೀರು ತೊಟ್ಟಿಕ್ಕುತ್ತಿರುತ್ತದೆ. ಆಗಲೇ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತದೆ. ಇನ್ನೊಂದು ಮನೆಯವರು. "ಎಲ್ಲಿದೀಯಪ್ಪಾ, ಮನೆಯೆಲ್ಲ ನೀರು ನಿಂತಿದೆ" ಅಂತ ಗೋಳು. ನಾಳೆ ಬರ್ತೀನಿ ಅಂದರೆ ಅವರು ಬೇರೆಯವನನ್ನು ಕರೆಯುತ್ತಾರೆ. "ಹತ್ತೇ ನಿಮಿಷ, ಇಲ್ಲೇ ತಿರುವಿನಲ್ಲಿದೀನಿ" ಅಂದರೆ ಕಾಯುತ್ತಾರೆ. ಹೊಟ್ಟೆಪಾಡಿನ ಮಾತು ಅದು, ಅದಕ್ಕೆ ಸುಳ್ಳು ಅನ್ನುವ ದೊಡ್ಡ ಹೆಸರು ಯಾಕೆ?

ನಮ್ಮವನು ಈ ಮಾತನ್ನು ಹನ್ನೆರಡು ವರ್ಷ ಹೇಳಿದ್ದ. ಎಷ್ಟರಮಟ್ಟಿಗೆ ಅಂದರೆ ಗಿರಾಕಿಗಳ ಫೋನಿನಲ್ಲಿ ಅವನ ನಿಜವಾದ ಹೆಸರು ಹುಡುಕಿದರೂ ಸಿಗುತ್ತಿರಲಿಲ್ಲ. ಎಲ್ಲರೂ 'ಹತ್ನಿಮಿಷ' ಅಂತಲೇ ಹಾಕಿಕೊಂಡಿದ್ದರು. ಕೆಲಸದ ವಿಷಯದಲ್ಲಿ ಮಾತ್ರ ಯಾರೂ ಸೊಲ್ಲೆತ್ತುವ ಹಾಗಿರಲಿಲ್ಲ. ಅವನು ಕೂರಿಸಿದ ವಾಷರು ಮತ್ತೆ ಸೋರಿದ್ದಿಲ್ಲ, ಅವನು ಬಿಗಿದ ನಟ್ಟು ಮತ್ತೆ ಸಡಿಲವಾಗಿದ್ದಿಲ್ಲ. ಅದಕ್ಕೇ ಜನ ಬೈಯುತ್ತಾ ಕಾಯುತ್ತಿದ್ದರು, ಬಂದ ಮೇಲೆ ಬೈಗುಳ ಮರೆತು ಟೀ ಕೊಡುತ್ತಿದ್ದರು.

ಆದರೆ ನಾಲಗೆಗೆ ಅಂಟಿದ ಚಾಳಿಯನ್ನು ಚಪ್ಪಲಿ ಬಿಟ್ಟ ಹಾಗೆ ಮನೆ ಬಾಗಿಲಲ್ಲಿ ಬಿಡಲಾಗುತ್ತದೆಯೇ? ಹೆಂಡತಿಗೂ ಅದೇ ರೈಲು. ಊಟಕ್ಕೆ ಬರ್ತೀಯಾ ಅಂದರೆ ಹತ್ತೇ ನಿಮಿಷ. ಅಮ್ಮನಿಗೆ ಹುಷಾರಿಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು ಅಂದರೆ ಹತ್ತೇ ನಿಮಿಷ. ಒಮ್ಮೆ ತನ್ನ ಮಾತಿಗೆ ಬೆಲೆಯಿಲ್ಲ ಅಂತ ಗೊತ್ತಾಗಿ, ಗಿರಾಕಿ ಡಾಕ್ಟರೊಬ್ಬರ ಕೈಯಲ್ಲಿ ಫೋನು ಕೊಟ್ಟು, "ಇವರು ನನ್ನ ಜೊತೇಲೇ ಇದಾರಮ್ಮ, ಈಗ ಹೊರಟರು" ಅಂತ ಹೇಳಿಸಿದ್ದ. ಹೊರಟದ್ದು ಎರಡು ಗಂಟೆ ಬಿಟ್ಟು. ಅವಳು ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವವಳು, ನಿಮಿಷಕ್ಕೆ ಇಷ್ಟು ಪೊಟ್ಟಣ ಅಂತ ಲೆಕ್ಕ ಕೊಡುವವಳು. ಗಂಡನ ನಿಮಿಷ ಅವಳಿಗೆ ಕೊನೆಗೂ ಅರ್ಥವಾಗಲಿಲ್ಲ.

ಸಹಿಸಿಕೊಂಡಳು. ಸಹಿಸಿಕೊಳ್ಳಲಾಗದೇ ಹೋದದ್ದು ಒಂದು ಬುಧವಾರ. ಮಗಳಿಗೆ ಎಂಟು ವರ್ಷ. ಶಾಲೆಯಲ್ಲಿ ಮಗುವಿನ ಮೈ ಜ್ವರಕ್ಕೆ ಕೆಂಡದಂತೆ ಸುಡುತ್ತಿದೆ ಅಂತ ಮಧ್ಯಾಹ್ನ ಕಾರ್ಖಾನೆಗೆ ಫೋನು ಬಂತು. ಅವಳಿಗೆ ಶಿಫ್ಟು ಬಿಡುವ ಹಾಗಿಲ್ಲ. ಗಂಡನಿಗೆ ಹೇಳಿದಳು. "ಶಾಲೆ ತಿರುವಿನಲ್ಲೇ ಇದೀನಿ, ನೀನು ತಲೆ ಕೆಡಿಸ್ಕೋಬೇಡ" ಅಂದ. ಅವನಿದ್ದದ್ದು ಊರಿನ ಇನ್ನೊಂದು ತುದಿಯ ಹೋಟೆಲಿನ ಮೋರಿಯೊಳಗೆ. ಮೋರಿ ಕಟ್ಟಿಕೊಂಡಿತ್ತು, ಅಡುಗೆಮನೆ ನಿಂತುಹೋಗಿತ್ತು, ಮಾಲೀಕ ತಲೆ ಮೇಲೆ ಕೂತಿದ್ದ. ನಾಲ್ಕಕ್ಕೆ ಶಾಲೆ ಬಿಟ್ಟಿತು. ಆರು ಗಂಟೆಗೆ ಅವಳು ಶಿಫ್ಟು ಮುಗಿಸಿ ಓಡಿಬಂದಾಗ ಮಗಳು ಶಾಲೆಯ ಮೆಟ್ಟಿಲ ಮೇಲೆ ಕಸ ಗುಡಿಸುವ ಅಜ್ಜಿಯ ತೊಡೆಗೆ ತಲೆಯಿಟ್ಟು ಮಲಗಿತ್ತು. ಅಜ್ಜಿ ಅಂದಳಂತೆ, "ಅಪ್ಪ ತಿರುವಿನಲ್ಲಿದಾನೆ ಅಂತ ಎರಡು ಗಂಟೆ ಹೊತ್ತಿನಿಂದ ತಿರುವನ್ನೇ ನೋಡ್ತಿತ್ತಮ್ಮ ಮಗು."

ಅವಳು ಜಗಳವಾಡಲಿಲ್ಲ. ಜಗಳವಾಡಿದ್ದರೆ ಅವನು ಹಲ್ಲು ಗಿಂಜಿ, ಕೈ ಮುಗಿದು, ಹೇಗೋ ಸುಧಾರಿಸುತ್ತಿದ್ದ. ಮಾರನೇ ಬೆಳಿಗ್ಗೆ ಎರಡು ಬ್ಯಾಗು ತುಂಬಿ ಮಗಳನ್ನು ಕರೆದುಕೊಂಡು ಊರಾಚೆಯ ಬಡಾವಣೆಯಲ್ಲಿದ್ದ ತವರಿಗೆ ಹೋದಳು.

ಅಲ್ಲಿಂದ ಮೂರು ವಾರ. ಆ ಮೂರು ವಾರದಲ್ಲೇ ರೋಗ ಟೀವಿಯಿಂದ ಇಳಿದು ಬೀದಿಗೆ ಬಂತು. ಮೊದಲು ಎಲ್ಲೋ ದೂರದ ದೇಶದಲ್ಲಿ, ಆಮೇಲೆ ವಿಮಾನ ನಿಲ್ದಾಣದಲ್ಲಿ, ಆಮೇಲೆ ಯಾರದೋ ಷಡ್ಡಕನ ಆಫೀಸಿನಲ್ಲಿ. ಜನ ಕೈ ಕುಲುಕುವುದು ಬಿಟ್ಟರು. ಔಷಧಿ ಅಂಗಡಿಯಲ್ಲಿ ಮಾಸ್ಕು ಮುಗಿಯಿತು. ನಲ್ಲಿ ಮಾತ್ರ ಹಿಂದೆಂದೂ ಇಲ್ಲದಷ್ಟು ಸೋರತೊಡಗಿತು, ಯಾಕೆಂದರೆ ಹುಟ್ಟಿದಾಗಿನಿಂದ ಕೈ ತೊಳೆಯದವರೂ ಗಂಟೆಗೊಮ್ಮೆ ತೊಳೆಯಲು ಶುರು ಮಾಡಿದ್ದರು. ಹತ್ನಿಮಿಷನಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಮನೆಗೆ ಹೋದರೆ ಖಾಲಿ ಗೋಡೆ ಮುಖಕ್ಕೆ ಹೊಡೆಯುತ್ತಿತ್ತು, ಆದ್ದರಿಂದ ಅವನೂ ಪುರುಸೊತ್ತು ಬಯಸಲಿಲ್ಲ.

ಶುಕ್ರವಾರ ಹೆಂಡತಿಯೇ ಫೋನು ಮಾಡಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಹೆದರಿಸಿದ್ದು.

"ಸೋಮವಾರ ಅಣ್ಣ ಬರ್ತಾನೆ, ನಮ್ಮನ್ನ ಅವನ ಊರಿಗೆ ಕರ್ಕೊಂಡು ಹೋಗ್ತಾನೆ. ಅಲ್ಲಿ ನಂಗೊಂದು ಕೆಲಸ ನೋಡಿದಾನೆ, ಇವಳಿಗೆ ಶಾಲೆನೂ ನೋಡಿದಾನೆ. ಹೋಗೋದು ಬೇಡ ಅಂತ ನಿಂಗನ್ನಿಸಿದ್ರೆ ಭಾನುವಾರ ಹನ್ನೆರಡು ಗಂಟೆಯೊಳಗೆ ಅಮ್ಮನ ಮನೆಗೆ ಬಾ. ಎದುರಿಗೆ ಕೂತು ಮಾತಾಡು. ಫೋನಲ್ಲಿ ನೆಪ ಹೇಳಬೇಡ. ಬರಲಿಲ್ಲ ಅಂದ್ರೆ ನಂಗೆ ಉತ್ತರ ಸಿಕ್ಕಿತು ಅಂದ್ಕೋತೀನಿ."

"ಬರ್ತೀನಿ" ಅಂದ. "ಹನ್ನೊಂದಕ್ಕೇ ಬರ್ತೀನಿ."

ಅವಳು ಫೋನಿಟ್ಟಳು.

ಭಾನುವಾರ ಬೆಳಿಗ್ಗೆ ಅವನು ಗಡ್ಡ ಹೆರೆದ, ಇಸ್ತ್ರಿ ಅಂಗಿ ಹಾಕಿದ, ಮಗಳಿಗೆ ಬಣ್ಣದ ಪೆನ್ಸಿಲಿನ ಡಬ್ಬಿ ತಂದಿಟ್ಟುಕೊಂಡ. ಇನ್ನು ಹೊರಡುವುದೊಂದೇ ಬಾಕಿ. ಒಂಬತ್ತಕ್ಕೆ ಫೋನು ಬಂತು. ನಾಲ್ಕು ಮಹಡಿಯ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿರುವ ನಿವೃತ್ತ ಹೆಡ್‌ಮಿಸ್ಸು. ಒಂಟಿ ಹೆಂಗಸು, ಹತ್ತು ವರ್ಷದ ಹಳೇ ಗಿರಾಕಿ. ಬಾತ್‌ರೂಮಿನ ನೀರು ನಿಲ್ಲುತ್ತಲೇ ಇಲ್ಲ ಅಂದರು.

ಅವನು ಗಡಿಯಾರ ನೋಡಿದ. ಬಿಲ್ಡಿಂಗು ದಾರಿಯಲ್ಲೇ ಇತ್ತು. ಅರ್ಧ ಗಂಟೆಯ ಕೆಲಸ. ಆಮೇಲೂ ಹನ್ನೊಂದರೊಳಗೆ ಮಾವನ ಮನೆ ತಲುಪಬಹುದು. "ಹತ್ತೇ ನಿಮಿಷ ಮಿಸ್" ಅಂದ. ಈ ಮನುಷ್ಯನಿಗೆ ಏನು ಹೇಳಬೇಕು ನೀವೇ ಹೇಳಿ. ಅವತ್ತು, ಅದೂ ಅವತ್ತು, ಬ್ಯಾಗು ಹೆಗಲಿಗೇರಿಸಿ ಕೆಲಸಕ್ಕೆ ಹೋದ. ಇನ್ನೂ ತಮಾಷೆಯೆಂದರೆ ಹತ್ತೇ ನಿಮಿಷದಲ್ಲಿ ತಲುಪಿದ. ಹೆಡ್‌ಮಿಸ್ಸು ಬಾಗಿಲು ತೆಗೆದು, ಗಾಬರಿಯಿಂದ, "ಏನಪ್ಪಾ, ಹುಷಾರಾಗಿದೀಯ ತಾನೆ?" ಅಂತ ಕೇಳಿದರು.

ಬಾತ್‌ರೂಮಿನ ನಲ್ಲಿ ಬುಡದಲ್ಲೇ ಸವೆದುಹೋಗಿತ್ತು. ಅದನ್ನು ಬಿಚ್ಚಬೇಕಾದರೆ ಇಡೀ ಬಿಲ್ಡಿಂಗಿನ ಮೇನ್ ವಾಲ್ವು ಮುಚ್ಚಬೇಕು. ವಾಲ್ವು ಇದ್ದದ್ದು ಮೆಟ್ಟಿಲ ಕೆಳಗಿನ ಗುಂಡಿಯಲ್ಲಿ, ಕಬ್ಬಿಣದ ಮುಚ್ಚಳದಡಿ. ಹಳೇ ಹಿತ್ತಾಳೆ ಚಕ್ರ, ಮಹಾ ಹಠಮಾರಿ. ಮುಚ್ಚಿದ, ಮೇಲೆ ಬಂದ, ಹಳೇ ನಲ್ಲಿ ಕಿತ್ತ, ಸೋರದ ಹಾಗೆ ದಾರ ಸುತ್ತಿದ, ಹೊಸದನ್ನು ಕೂರಿಸಿದ. ಹತ್ತೂವರೆಗೆ ಕೆಲಸ ಮುಗಿಯಿತು. ಕೈ ಒರೆಸಿಕೊಳ್ಳುತ್ತಿದ್ದಾಗ ವಾಚ್‌ಮನ್ ಏದುಸಿರು ಬಿಡುತ್ತಾ ಮೆಟ್ಟಿಲೇರಿ ಬಂದ.

"ಮೂರನೇ ಮಹಡಿಯವರಿಗೆ ಬಂದಿದೆಯಂತೆ! ಹೋದ ವಾರ ಹೊರದೇಶದಿಂದ ಬಂದ್ರಲ್ಲ, ಅವರಿಗೆ. ಬಿಲ್ಡಿಂಗು ಸೀಲ್ ಮಾಡೋಕೆ ಬರ್ತಿದಾರೆ. ನೀನು ಮೊದಲು ಜಾಗ ಖಾಲಿ ಮಾಡು, ಇಲ್ಲಾಂದ್ರೆ ಸಿಕ್ಕಾಕ್ಕೋತೀಯ."

ಹತ್ನಿಮಿಷ ಬ್ಯಾಗು ಬಾಚಿಕೊಂಡು ಕಾಲಿಗೆ ಬುದ್ಧಿ ಹೇಳಿದ. ಗೇಟಿನಲ್ಲಿ ವಾಚ್‌ಮನ್ ತನ್ನ ರಿಜಿಸ್ಟರಿನಲ್ಲಿ ಹೊರಗೆ ಹೋದ ಹೊತ್ತು ಹತ್ತು ನಲವತ್ತು ಅಂತ ಬರೆದ. ಸ್ಕೂಟರು ಹತ್ತಿ ಎರಡು ಬೀದಿ ದಾಟಿ ಬಸ್ ಸ್ಟಾಪಿನ ಹತ್ತಿರ ಬಂದವನಿಗೆ ಥಟ್ಟನೆ ನೆನಪಾಯಿತು. ಮೇನ್ ವಾಲ್ವು. ಮುಚ್ಚಿದ್ದ, ತೆರೆದಿರಲಿಲ್ಲ.

ಸ್ಕೂಟರು ನಿಲ್ಲಿಸಿ ಒಂದು ಕಾಲು ನೆಲಕ್ಕೂರಿ ನಿಂತ. ಎಂಟು ಮನೆ. ಸೀಲ್ ಮಾಡಿದ ಬಿಲ್ಡಿಂಗು. ಕೈ ತೊಳೀರಿ, ಕೈ ತೊಳೀರಿ ಅಂತ ಊರೆಲ್ಲ ಬಡಿದುಕೊಳ್ಳುತ್ತಿರುವಾಗ ಅಲ್ಲಿ ಒಂದು ತೊಟ್ಟು ನೀರಿಲ್ಲ. ಅವನ ಕಸುಬಿನಲ್ಲಿ ಒಂದು ನಿಯಮವಿದೆ. ಯಾರೂ ಬರೆದಿಟ್ಟದ್ದಲ್ಲ, ಆದರೆ ಎಂಥ ಸುಳ್ಳುಗಾರನೂ ಅದನ್ನು ಮುರಿಯುವುದಿಲ್ಲ: ಮುಚ್ಚಿದ ಕೈಯೇ ತೆರೆಯಬೇಕು. ಗಡಿಯಾರ ಹತ್ತು ಐವತ್ತು ತೋರಿಸುತ್ತಿತ್ತು. ಎರಡು ನಿಮಿಷದ ಕೆಲಸ ಅಂದುಕೊಂಡ. ಸ್ಕೂಟರು ತಿರುಗಿಸಿದ.

ಮುಂದಿನ ಗೇಟಿನಲ್ಲಿ ಆಗಲೇ ಜೀಪು ನಿಂತಿತ್ತು. ಹಿಂದಿನ ಕಸದ ಗೇಟಿನಿಂದ ನುಸುಳಿ ಗುಂಡಿಗೆ ಇಳಿದ. ಚಕ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟ, ಸುತ್ತಿಗೆಯಿಂದ ತಟ್ಟಿದ, ಸ್ಪ್ಯಾನರು ಹಾಕಿ ಮೈಭಾರವೆಲ್ಲ ಬಿಟ್ಟು ಎಳೆದ. ಇಸ್ತ್ರಿ ಅಂಗಿ ಮಸಿಯಾಯಿತು. ಇಪ್ಪತ್ತು ನಿಮಿಷದ ಮೇಲೆ ಅದು ಕಿರ್ರೆಂದು ತಿರುಗಿ, ಪೈಪಿನಲ್ಲಿ ನೀರು ಗುಳುಗುಳು ಎಂದು ಮೇಲೇರಿದಾಗ ಅವನಿಗೆ ನಿಜಕ್ಕೂ ಹಾಯೆನಿಸಿತು. ಮೇಲೆ ಬಂದು ನೋಡಿದರೆ ಹಿಂದಿನ ಗೇಟಿಗೆ ಸರಪಳಿ ಬಿದ್ದಿತ್ತು. ಮುಂದೆ ತಗಡಿನ ಹಾಳೆ ನಿಲ್ಲಿಸಿ ಮೊಳೆ ಹೊಡೆಯುತ್ತಿದ್ದರು.

"ಸಾರ್, ನಾನು ಪ್ಲಂಬರು. ಹೊರಗಿನವನು" ಅಂತ ಕೂಗಿದ.

ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ಕು ಹಾಕಿಕೊಂಡಿದ್ದ ಅಧಿಕಾರಿ ತಿರುಗಿ ನೋಡಿದ. "ಈಗ ಎಲ್ಲಿ ನಿಂತಿದೀಯ?"

"ಒಳಗೆ."

"ಮತ್ತೆ? ಹದಿನಾಲ್ಕು ದಿನ."

ಬೇಡಿದ, ಕೈ ಮುಗಿದ, ಹೆಂಡತಿ ವಿಷಯ ಹೇಳಿದ. ಪ್ಲಾಸ್ಟಿಕ್ಕಿನೊಳಗಿನ ಮನುಷ್ಯನೂ ಬೆವರಿ ಸುಸ್ತಾಗಿದ್ದ. ಅವನಿಗೆ ಕೇಳಿಸಿತೋ ಇಲ್ಲವೋ. ಹಿಂದಿನ ಗೋಡೆ ಹತ್ತಲು ನೋಡಿದರೆ ಆಚೆ ಕುರ್ಚಿ ಹಾಕಿಕೊಂಡು ಕೂತಿದ್ದ ಪೊಲೀಸಪ್ಪ ತಲೆಯೆತ್ತಿ, "ಇಳಿ" ಅಂದ, ಅಷ್ಟೇ. ಇಳಿದ.

ಹನ್ನೊಂದೂವರೆಗೆ ಹೆಂಡತಿಗೆ ಫೋನು ಮಾಡಿದ. ನಡೆದದ್ದು ಹೇಳಿದ. ಪೂರ್ತಿ ಹೇಳಲಿಲ್ಲ. ಹೊರಗೆ ಹೋಗಿ ವಾಪಸ್ ಬಂದೆ ಅನ್ನುವ ಭಾಗ ಬಾಯಿಗೆ ಬರಲೇ ಇಲ್ಲ.

"ಇವತ್ತೂ ಕೆಲಸಕ್ಕೆ ಹೋದೆಯಾ?" ಅಂದಳು.

"ದಾರೀಲೇ ಇತ್ತು ಕಣೇ. ಅರ್ಧ ಗಂಟೆ..."

"ಬಿಲ್ಡಿಂಗಿಗೆ ಮೊಳೆ ಹೊಡೆದ್ರು."

"ಹೌದು. ನಿನ್ನಾಣೆ."

ಅದಕ್ಕೆ ಮುಂಚೆ ಆ ಊರಿನಲ್ಲಿ ಒಂದೇ ಒಂದು ಬಿಲ್ಡಿಂಗೂ ಸೀಲ್ ಆಗಿರಲಿಲ್ಲ. ಅಂಥದ್ದೊಂದು ಆಗಬಹುದು ಅಂತ ಕೂಡ ಯಾರಿಗೂ ಗೊತ್ತಿರಲಿಲ್ಲ. "ಈಗ ರೋಗಾನೂ ನಿನ್ನ ಸಹಾಯಕ್ಕೆ ಬಂತು" ಅಂದು ಫೋನಿಟ್ಟಳು. ಅವನು ಮೆಟ್ಟಿಲ ಮೇಲೆ ಕೂತು ಹನ್ನೆರಡು ಹೊಡೆಯುವವರೆಗೂ ಫೋನಿನ ಗಡಿಯಾರ ನೋಡಿದ. ಆಮೇಲೂ ನೋಡಿದ.

ಮೂರನೇ ಮಹಡಿಯ ರೋಗಿಯನ್ನು ಆಸ್ಪತ್ರೆಗೆ ಒಯ್ದ ಮೇಲೆ ಆ ಬಿಲ್ಡಿಂಗಿನಲ್ಲಿ ಉಳಿದದ್ದು ಮೂವತ್ತೊಂದು ಜನ. ಹತ್ನಿಮಿಷ ಮೂವತ್ತೆರಡನೆಯವನು, ಆದರೆ ಪಟ್ಟಿಯಲ್ಲಿಲ್ಲ. ಗೇಟಿನಾಚೆ ಕುರ್ಚಿ ಹಾಕಿಕೊಂಡು ಕೂತ ವಾಚ್‌ಮನ್‌ನ ರಿಜಿಸ್ಟರಿನ ಪ್ರಕಾರ ಅವನು ಹತ್ತು ನಲವತ್ತಕ್ಕೇ ಹೋಗಿಯಾಗಿತ್ತು. ಬೆಳಿಗ್ಗೆ ಸರ್ಕಾರದವರು ತಗಡಿನ ಮೇಲಿಂದ ಇಳಿಬಿಡುವ ಊಟದ ಡಬ್ಬಿಯೂ ಮೂವತ್ತೊಂದೇ. ಎಂಟು ಮನೆಯವರು ಬಾಗಿಲ ಸಂದಿಯಲ್ಲಿ ನಿಂತು ಮೆಟ್ಟಿಲ ಮಧ್ಯದಲ್ಲೇ ಸಭೆ ಮಾಡಿದರು. ಇವನನ್ನು ಎಲ್ಲಿಡುವುದು?

"ನಮ್ಮನೇಲಿ ಚಿಕ್ಕ ಮಗು ಇದೆ" ಅಂತ ಒಬ್ಬರು. "ನಮ್ಮನೇಲಿ ವಯಸ್ಸಾದವರು" ಅಂತ ಇನ್ನೊಬ್ಬರು. "ಊರೆಲ್ಲ ಸುತ್ತಿ ಬಂದಿರೋನು, ಯಾರ ಮನೆ ನೀರು ಮುಟ್ಟಿದಾನೋ" ಅಂತ ನಾಲ್ಕನೇ ಮಹಡಿಯ ಸೆಕ್ರೆಟರಿ. ಸಂಘದ ಸೆಕ್ರೆಟರಿ ಅಂದರೆ ಬಿಲ್ಡಿಂಗಿನ ಬಲ್ಬು ಹೋದರೂ ನೋಟಿಸು ಹಚ್ಚುವ ಮನುಷ್ಯ. ಹತ್ನಿಮಿಷನ ಎದುರಿಗೇ ಅವನನ್ನು ಒಡೆದ ಕಮೋಡಿನ ಹಾಗೆ ಅತ್ತಿತ್ತ ತಳ್ಳಿದರು. ಹೆಡ್‌ಮಿಸ್ಸು ಮಾತ್ರ, "ನನ್ನಿಂದ ಬಂದು ಸಿಕ್ಕಿಬಿದ್ದದ್ದು, ನನ್ನ ಹಾಲಿನಲ್ಲಿ ಮಲಗಲಿ" ಅಂದರು. ಸೆಕ್ರೆಟರಿ ಒಪ್ಪಲಿಲ್ಲ. ಕೊನೆಗೆ ನೆಲಮಹಡಿಯ ಮೀಟರ್ ರೂಮು ಗೊತ್ತಾಯಿತು. ಉದ್ದ ಆರಡಿ, ಅಗಲ ನಾಲ್ಕಡಿ. ಗೋಡೆ ತುಂಬ ಎಂಟು ಮನೆಯ ಕರೆಂಟು ಮೀಟರು ಹಗಲೂ ರಾತ್ರಿ ಗುಂಯ್‌ಗುಡುತ್ತಾ ಕೆಂಪು ಕಣ್ಣು ಮಿಟುಕಿಸುತ್ತಿದ್ದವು. ಕಾಲು ಚಾಚಿದರೆ ಬಾಗಿಲು ಮುಚ್ಚುವುದಿಲ್ಲ, ಬಾಗಿಲು ಮುಚ್ಚಿದರೆ ಕಾಲು ಚಾಚುವ ಹಾಗಿಲ್ಲ. ಹೆಡ್‌ಮಿಸ್ಸು ಚಾಪೆ, ದಿಂಬು, ಗಂಡನ ಹಳೇ ಎರಡು ಅಂಗಿ ಮೆಟ್ಟಿಲ ಮೇಲೆ ಇಟ್ಟು ಹೋದರು. ಊಟಕ್ಕೆ ಸೆಕ್ರೆಟರಿ ಟೈಮ್‌ಟೇಬಲ್ಲು ಬರೆದು ಹಚ್ಚಿದ: ದಿನಕ್ಕೊಂದು ಮನೆ, ತಟ್ಟೆ ಮೆಟ್ಟಿಲ ಮೇಲಿಟ್ಟು ಬೆಲ್ಲು ಒತ್ತಿ ಒಳಗೆ ಹೋಗತಕ್ಕದ್ದು.

ಹೆಡ್‌ಮಿಸ್ಸು ಅವನ ಪರವಾಗಿ ಅವನ ಹೆಂಡತಿಗೆ ಫೋನೂ ಮಾಡಿದರು. ಮೂವತ್ತು ವರ್ಷ ಪಾಠ ಹೇಳಿದ ಗಂಟಲು, ಯಾರೂ ಎದುರಾಡುವುದಿಲ್ಲ. ಅವಳು ಎದುರಾಡಲಿಲ್ಲ. ಎಲ್ಲ ಕೇಳಿಸಿಕೊಂಡು, "ಹೋದ ವರ್ಷ ಒಬ್ಬರು ಡಾಕ್ಟರ ಕೈಲೂ ಹೀಗೇ ಹೇಳಿಸಿದ್ರು ಮೇಡಂ. ನಿಮಗೆ ತೊಂದರೆ ಆಯ್ತು, ಕ್ಷಮಿಸಿ" ಅಂದಳಂತೆ. ಹೆಡ್‌ಮಿಸ್ಸು ಫೋನಿಟ್ಟು ಅವನನ್ನು ಕನ್ನಡಕದ ಮೇಲಿಂದ ನೋಡಿದರು. ಅವನು ಮುಖ ಸಣ್ಣಗೆ ಮಾಡಿಕೊಂಡು ಮೆಟ್ಟಿಲಿಳಿದ.

ದಿನ ಸರಿಯುವುದು ಅಂದರೇನು ಅಂತ ಅವನಿಗೆ ಗೊತ್ತಾದದ್ದು ಆಗ. ನಿಮಿಷಗಳನ್ನು ಕಂಡ ಕಂಡವರಿಗೆ ಹಂಚಿಕೊಂಡು ಬಂದವನ ಕೈಯಲ್ಲಿ ಈಗ ಬರೀ ನಿಮಿಷ. ಎಪ್ಪತ್ತೆರಡು ಮೆಟ್ಟಿಲು ಹತ್ತುತ್ತಿದ್ದ, ಎಪ್ಪತ್ತೆರಡು ಇಳಿಯುತ್ತಿದ್ದ. ಪ್ರತಿ ಬಾಗಿಲ ಹಿಂದೆ ಒಂದೊಂದು ಸಂಸಾರ: ಒಂದರಲ್ಲಿ ಮಗು ಹಠ, ಒಂದರಲ್ಲಿ ಗಂಡ ಹೆಂಡಿರ ಗುದ್ದಾಟ, ಒಂದರಲ್ಲಿ ಸೀನು, ಆ ಸೀನಿಗೆ ಹೆದರಿ ಇಡೀ ಮಹಡಿ ಗಪ್‌ಚಿಪ್. ಎಲ್ಲರಿಗೂ ಮುಚ್ಚಿಕೊಳ್ಳಲು ಒಂದು ಬಾಗಿಲಿತ್ತು. ಅವನಿಗಿದ್ದದ್ದು ಕಾಲು ಮಡಚಿದರೆ ಮಾತ್ರ ಮುಚ್ಚುವ ಬಾಗಿಲು.

ಕೆಲಸಕ್ಕೆ ಮಾತ್ರ ಕೊರತೆಯಿರಲಿಲ್ಲ. ಮೂರನೇ ದಿನಕ್ಕೆ ಎಲ್ಲರ ನಲ್ಲಿಗಳೂ ಒಂದೊಂದಾಗಿ ಕೈಕೊಟ್ಟವು. ಮನೆಯೊಳಗೆ ಬಿಡಲು ಭಯ, ಬಿಡದಿರಲು ನೀರು ಸೋರುತ್ತದೆ. ಮನೆಯವರೆಲ್ಲ ಒಂದು ರೂಮಿನಲ್ಲಿ ಬಾಗಿಲು ಹಾಕಿಕೊಂಡು, ಒಳಗಿನಿಂದಲೇ, "ಎಡಗಡೆ ನಲ್ಲಿ, ಅದಲ್ಲ, ಅದರ ಪಕ್ಕದ್ದು" ಅಂತ ಕೂಗುತ್ತಿದ್ದರು. ಕರೆದ ಅರ್ಧ ನಿಮಿಷಕ್ಕೆ ಅವನು ಬಾಗಿಲಲ್ಲಿರುತ್ತಿದ್ದ. ಸೆಕ್ರೆಟರಿ ಅದನ್ನು ಕಂಡು, "ನಿನ್ನನ್ನ ಹೀಗೇ ಕೂಡಿಹಾಕಿರಬೇಕಿತ್ತು ಕಣಯ್ಯಾ" ಅಂತ ನಕ್ಕ. ಹತ್ನಿಮಿಷನೂ ನಕ್ಕ. ಆಮೇಲೆ ಮೀಟರ್ ರೂಮಿಗೆ ಹೋಗಿ ಕಾಲು ಮಡಚಿ ಬಾಗಿಲು ಹಾಕಿಕೊಂಡ.

ಒಂದು ಸಂಜೆ ಮಗಳು ಕದ್ದು ಫೋನು ಮಾಡಿತು.

"ಅಪ್ಪಾ, ನಿಜವಾಗ್ಲೂ ಮೊಳೆ ಹೊಡೆದಿದಾರಾ?"

"ನಿಜವಾಗ್ಲೂ ಕಂದಾ."

"ಎಷ್ಟು ಮೊಳೆ?"

ಅವನು ಓಡಿಹೋಗಿ ಎಣಿಸಿದ. "ನಲವತ್ತಾರು."

ಮಗಳು ಯೋಚನೆ ಮಾಡಿತು. "ಅಷ್ಟು ಸರಿಯಾಗಿ ಹೇಳ್ತೀಯ ಅಂದ್ರೆ ನಿಜಾನೇ ಇರಬೇಕು. ಅಮ್ಮಂಗೆ ಹೇಳ್ತೀನಿ." ಆಮೇಲೆ ಅಜ್ಜಿಯ ಧ್ವನಿ ಕೇಳಿ ಫೋನು ಕಟ್ಟಾಯಿತು. ಅವನು ತಗಡಿಗೆ ಹಣೆಯಿಟ್ಟು ಅತ್ತ. ಯಾರೂ ನೋಡಲಿಲ್ಲ.

ನಾಲ್ಕನೇ ದಿನ ಇಡೀ ಊರಿಗೇ ಬೀಗ ಬಿತ್ತು. ಬಸ್ಸಿಲ್ಲ, ರೈಲಿಲ್ಲ, ಕಾರ್ಖಾನೆಯಿಲ್ಲ. ಬಿಲ್ಡಿಂಗಿನವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತರು. ಹತ್ನಿಮಿಷನಿಗೆ, ಹೇಳಬಾರದು, ಆದರೂ ಹೇಳಬೇಕು, ಖುಷಿಯಾಯಿತು. ಊರೇ ಮುಚ್ಚಿದರೆ ಅವಳು ಎಲ್ಲಿಗೆ ಹೋಗುತ್ತಾಳೆ? ಸೋಮವಾರ ಏನೋ ಅಡಚಣೆಯಾಗಿ ಭಾವ ಬಂದಿರಲಿಲ್ಲ ಅಂತ ಮಗಳ ಫೋನಿನ ಹಿಂದೆ ಅಜ್ಜಿಯ ಧ್ವನಿ ಕೇಳಿದಾಗಲೇ ಊಹಿಸಿದ್ದ. ಇನ್ನು ಬರಲೂ ಆಗುವುದಿಲ್ಲ. ಹದಿನಾಲ್ಕು ದಿನ ಮುಗಿದ ಮೇಲೆ ಹೋಗಿ ಕಾಲು ಹಿಡಿದಾದರೂ ಸರಿ, ಒಪ್ಪಿಸುತ್ತೇನೆ ಅಂದುಕೊಂಡ. ಅವನು ಮರೆತದ್ದೆಂದರೆ, ಭಾವ ಓಡಿಸುತ್ತಿದ್ದದ್ದು ಔಷಧಿ ಸಾಗಿಸುವ ಬಿಳೀ ವ್ಯಾನು. ಊರಿಗೆಲ್ಲ ಬೀಗ ಬಿದ್ದಾಗಲೂ ಪಾಸು ಸಿಗುವ ಗಾಡಿ ಅದು.

ಶುಕ್ರವಾರ ಮಧ್ಯಾಹ್ನ ತಗಡಿನಾಚೆಯಿಂದ ವಾಚ್‌ಮನ್ ಕೂಗಿದ. "ಏಯ್, ನಿಮ್ಮನೆಯವರು ಬಂದಿದಾರೆ."

ಎರಡು ತಗಡಿನ ನಡುವೆ ಎರಡು ಬೆರಳಿನಷ್ಟು ಸಂದಿಯಿತ್ತು. ಅವನು ಅಲ್ಲಿಗೆ ಕಣ್ಣು ಹಚ್ಚಿದ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು, ಬಿಸಿಲಿನಲ್ಲಿ ಒಂದೂವರೆ ಗಂಟೆ ನಡೆದು, ದಾರಿಯಲ್ಲಿ ಎರಡು ಕಡೆ ಪೊಲೀಸರಿಗೆ ಔಷಧಿ ಚೀಟಿ ತೋರಿಸಿ ಬಂದಿದ್ದಳು. ಅವಳು ತಗಡನ್ನು ನೋಡುತ್ತಿದ್ದಳು, ಮೊಳೆಗಳನ್ನು ನೋಡುತ್ತಿದ್ದಳು. ಕೈ ಚಾಚಿ ಮುಟ್ಟಿದಳು.

"ನಿಜಾನೇ" ಅಂದಳು.

"ನಿಜಾನೇ."

"ಮಗು ನಲವತ್ತಾರು ಅಂತು. ನೋಡ್ಕೊಂಡು ಹೋಗೋಣ ಅಂತ ಬಂದೆ. ನಾಳೆ ಏಳು ಗಂಟೆಗೆ ಅಣ್ಣ ಬರ್ತಿದಾನೆ, ಪಾಸು ಸಿಕ್ಕಿದೆ." ಅವಳ ಕಣ್ಣು ತುಂಬಿತ್ತು. "ನಾನು ನಂಬಲಿಲ್ಲ. ಒಂದು ಸಲ ನೀನು ನಿಜ ಹೇಳಿದಾಗ್ಲೇ ನಾನು ನಂಬಲಿಲ್ಲ. ಎಷ್ಟು ಕಷ್ಟ ಪಟ್ಟೆಯೋ ಒಳಗೆ."

"ಹೋಗಬೇಡ" ಅಂದ. "ಇನ್ನು ಒಂಬತ್ತು ದಿನ. ಆಮೇಲೆ ಬರ್ತೀನಿ."

"ಅಣ್ಣಂಗೆ ಏನಾದ್ರೂ ಹೇಳ್ತೀನಿ. ನೋಡೋಣ..."

ಇಲ್ಲಿಗೆ ನಿಲ್ಲಬೇಕಿತ್ತು. ಆದರೆ ಐದು ದಿನದಿಂದ ಮಾತಾಡಲು ಜನ ಸಿಗದೆ ಒದ್ದಾಡುತ್ತಿದ್ದ ವಾಚ್‌ಮನ್ ಮಧ್ಯೆ ಬಾಯಿ ಹಾಕಿದ. ಕೆಟ್ಟವನಲ್ಲ ಪಾಪ, ಹೊಗಳಬೇಕೆಂದೇ ಹಾಕಿದ.

"ನಿಮ್ಮ ಯಜಮಾನರು ದೊಡ್ಡ ಮನುಷ್ಯ ಕಣಮ್ಮ. ನಾನೇ ಇವರನ್ನ ಹೊರಗೆ ಕಳಿಸಿದ್ದೆ. ನೋಡಿ, ಇಲ್ಲಿ ಬರ್ಕೊಂಡಿದೀನಿ, ಹತ್ತು ನಲವತ್ತು. ಆರಾಮಾಗಿ ಹೊರಟುಹೋಗಿದ್ರು. ಇವರಿಗೆಲ್ಲ ನೀರಿಲ್ಲ ಅಂತ ವಾಪಸ್ ಬಂದು ವಾಲ್ವು ತೆಗೆದು ಸಿಕ್ಕಿಬಿದ್ರು. ಯಾರು ಮಾಡ್ತಾರೆ ಹೇಳಿ ಈ ಕಾಲದಲ್ಲಿ?"

ಅವಳು ರಿಜಿಸ್ಟರು ನೋಡಿದಳು. ಬಗ್ಗಿ, ಬೆರಳಿಟ್ಟು ಓದಿದಳು. ಆಮೇಲೆ ಸಂದಿಯ ಕಡೆ ತಿರುಗಿದಳು.

"ಹೊರಗೆ ಬಂದಿದ್ದೆ."

ಅವನ ಬಾಯಿ ತುದಿಯಲ್ಲಿ ಬುರುಡೆ ಸಿದ್ಧವಾಗಿತ್ತು. ಆ ವಾಚ್‌ಮನ್‌ಗೆ ತಲೆ ಕೆಟ್ಟಿದೆ, ಅದು ಬೇರೆ ಪ್ಲಂಬರು, ಹೀಗೆ ಏನಾದರೂ ಒಂದು. ನುಂಗಿಕೊಂಡ. "ಬಂದಿದ್ದೆ. ಬಸ್ ಸ್ಟಾಪಿನವರೆಗೂ."

"ಟೈಮಿತ್ತು."

"ಇತ್ತು."

"ಇವರ ನೀರಿಗೆ ವಾಪಸ್ ಹೋದೆ." ಅವಳ ಧ್ವನಿ ಏರಲಿಲ್ಲ. "ಮಗು ಮೆಟ್ಟಿಲ ಮೇಲೆ ಎರಡು ಗಂಟೆ ಕೂತಿದ್ದಾಗ ನೀನು ಯಾವ ಮೋರಿಯಿಂದಲೂ ಎದ್ದು ಬರಲಿಲ್ಲ. ಆ ವಾಲ್ವು ಈ ಯಪ್ಪಂಗೆ ಫೋನು ಮಾಡಿ ತಿರುಗಿಸು ಅಂದಿದ್ರೆ ತಿರುಗಿಸ್ತಿರಲಿಲ್ವಾ?"

ವಾಚ್‌ಮನ್ ತನ್ನ ಕುರ್ಚಿ ಎತ್ತಿಕೊಂಡು ದೂರ ಹೋದ.

ಫೋನು ಮಾಡಬಹುದಿತ್ತು. ಹತ್ನಿಮಿಷನಿಗೆ ಅದು ಐದು ದಿನದಿಂದ ಗೊತ್ತಿತ್ತು. ಬಸ್ ಸ್ಟಾಪಿನಲ್ಲಿ ಕಾಲೂರಿ ನಿಂತಾಗಲೂ ಗೊತ್ತಿತ್ತೇನೋ. ಮುಚ್ಚಿದ ಕೈಯೇ ತೆರೆಯಬೇಕು ಅನ್ನುವುದೆಲ್ಲ ಆಮೇಲಿನ ಮಾತು.

"ಹೆದರಿಕೆ ಆಯ್ತು" ಅಂದ. "ನಿನ್ನೆದುರು ಕೂತು ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಮಗಳ ಮುಖ ಹೇಗೆ ನೋಡಬೇಕು ಅಂತ ಗೊತ್ತಾಗಲಿಲ್ಲ. ವಾಲ್ವು ನೆನಪಾದ ತಕ್ಷಣ ಬದುಕಿದೆ ಅನ್ನಿಸ್ತು. ಅಲ್ಲಿ ಏನು ಮಾಡಬೇಕು ಅಂತ ನಂಗೆ ಗೊತ್ತಿತ್ತು. ಅಷ್ಟೇ ಕಣೇ. ಬೇರೆ ಏನೂ ಇಲ್ಲ."

ಕರವಸ್ತ್ರದ ಮೇಲೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು, ಅದರಲ್ಲಿ ಏನಿದೆ ಅಂತ ಅವನಿಗೆ ತಿಳಿಯಲಿಲ್ಲ.

"ಭಾನುವಾರ ಬಂದು ಇಷ್ಟು ಹೇಳಿದ್ದಿದ್ರೆ ಸಾಕಾಗಿತ್ತು" ಅಂದಳು.

ಅವನು ತಗಡಿಗೆ ಎರಡೂ ಕೈ ಇಟ್ಟ. ಬಿಸಿಲಿಗೆ ಕಾದ ತಗಡು ಕೈ ಸುಟ್ಟಿತು.

"ಒಳಗೆ ಊಟ ಸರಿಯಾಗಿ ಕೊಡ್ತಾರಾ?" ಅಂತ ಕೇಳಿದಳು.

ಅವನಿಗೆ ಜೀವ ಬಂದಂತಾಯಿತು. "ಕೊಡ್ತಾರೆ. ದಿನಕ್ಕೊಂದು ಮನೆಯವರು. ಚೆನ್ನಾಗೇ ಕೊಡ್ತಾರೆ."

"ಸರಿ. ಹಾಗಾದ್ರೆ ಅದೊಂದು ಯೋಚನೆ ನಂಗಿಲ್ಲ" ಅಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಔಷಧಿ ಚೀಟಿ ಮಡಚಿ ಕೈಯಲ್ಲಿ ಹಿಡಿದು, ಬಂದ ದಾರಿಯಲ್ಲೇ ನಡೆದಳು. ಸಂದಿ ಕಿರಿದು, ನಾಲ್ಕು ಹೆಜ್ಜೆ ಆದ ಮೇಲೆ ಕಾಣಲಿಲ್ಲ.

ಮಾರನೇ ಬೆಳಿಗ್ಗೆ ಏಳಕ್ಕೆ ಮುಂಚೆ ಟ್ಯಾಂಕು ನೋಡಬೇಕು ಅಂತ ಸೆಕ್ರೆಟರಿಯಿಂದ ಟೆರೇಸಿನ ಬೀಗದಕೈ ಇಸಿದುಕೊಂಡ. ಟ್ಯಾಂಕಿನ ಏಣಿ ಹತ್ತಿ ನಿಂತರೆ ಮನೆಗಳ ತಲೆಯ ಮೇಲೆ ದೂರದಲ್ಲಿ ಹೆದ್ದಾರಿಯ ಒಂದು ತುಂಡು ಕಾಣುತ್ತಿತ್ತು. ಊರು ಬಿಡುವ ಯಾವ ಗಾಡಿಯಾದರೂ ಅಲ್ಲೇ ಹೋಗಬೇಕು. ಮೊದಲಾಗಿದ್ದರೆ ಇರುವೆ ಸಾಲಿನ ಹಾಗೆ ಗಾಡಿಗಳಿರುತ್ತಿದ್ದವು. ಈಗ ಬರೀ ರಸ್ತೆ. ಹಿಂದೆಯೇ ಹೆಡ್‌ಮಿಸ್ಸು ಮೆಟ್ಟಿಲೇರಿ ಬಂದು, ಬಾಗಿಲಲ್ಲೇ ನಿಂತು, "ಟ್ಯಾಂಕು ಸರಿಯಿದೆಯೇನಪ್ಪಾ?" ಅಂದರು. ಅವನು ರಸ್ತೆಯಿಂದ ಕಣ್ಣು ಕೀಳಲಿಲ್ಲ. ಅವರು ಅಲ್ಲೇ ನಿಂತರು.

ಏಳು ಹತ್ತಕ್ಕೆ ಒಂದು ಬಿಳೀ ವ್ಯಾನು ಹೋಯಿತು. ಏಳು ಇಪ್ಪತ್ತರ ಸುಮಾರಿಗೆ ಇನ್ನೊಂದು, ಅದೂ ಬಿಳೀದೇ. ಎಂಟಾಗುತ್ತಾ ಬಂದಾಗ ಮೂರನೆಯದು. ಅಷ್ಟು ದೂರದಿಂದ ಒಳಗೆ ಯಾರಿದ್ದಾರೆ ಅಂತ ಯಾರಿಗೆ ಕಾಣುತ್ತದೆ? ಅವನು ಮೂರಕ್ಕೂ ಕೈಯೆತ್ತಿ ಬೀಸಿದ.